ಕೆಲಸಗಾರರು: ಒಬ್ಬರು

ಜೂನ್ 12, ಗುರುವಾರ

ಯಾರದು, ಕೇಳದೆ ಈ ಪುಸ್ತಕ ತೆರೆದವರು? ಲಲಿತಾ ಆಗಿದ್ದರೆ ಮೊದಲು ಹೋಗಿ ಒಲೆಯ ಮೇಲಿನ ಹಾಲು ನೋಡು, ಉಕ್ಕಿರುತ್ತದೆ. ನಿನಗೆ ಡಿಗ್ರಿ ಕೊಟ್ಟವರು ಅಜ್ಜಿಯ ಬರವಣಿಗೆಯನ್ನು ಕದ್ದು ಓದು ಅಂತ ಕಲಿಸಿದರೇನು? ಬೇರೆ ಯಾರಾದರೂ ಆಗಿದ್ದರೆ, ಕೈ ಒರೆಸಿಕೊಂಡಿದ್ದೀರೋ ಇಲ್ಲವೋ? ಎಣ್ಣೆಗೈಯಿಂದ ಹಾಳೆ ಮುಟ್ಟಬೇಡಿ. ನಾಲ್ಕನೇ ತರಗತಿ ಓದಿದವಳ ಅಕ್ಷರ ಹೀಗೇ ಇರುತ್ತದೆ. ನಗಬೇಕೆನಿಸಿದರೆ ಅಂಗಳಕ್ಕೆ ಹೋಗಿ ನಕ್ಕು ಬನ್ನಿ.

ಈ ಡೈರಿ ಕುಷ್ಟಗಿಯ ರಸಗೊಬ್ಬರದ ಅಂಗಡಿಯವರು ಪುಕ್ಕಟೆ ಹಂಚಿದ್ದು. ಪ್ರತಿ ಹಾಳೆಯ ಕೆಳಗೆ ಒಂದು ಹುಳದ ಚಿತ್ರ. ಮೊಮ್ಮಗಳು ಲಲಿತಾ ತಂದುಕೊಟ್ಟು, “ಅಜ್ಜಿ, ಯಾವ ಕೌದಿ ಯಾವತ್ತು ಸುರು ಮಾಡಿದಿ, ಯಾವತ್ತು ಮುಗೀತು, ಇದರಾಗ ಬರಿ. ಮುಂದ ಕಾಗದಪತ್ರಕ್ಕ ಬೇಕಾಗ್ತೈತಿ” ಎಂದಳು. ಕೌದಿ ಶುರುವಾದದ್ದು ಮುಗಿದದ್ದು ನನ್ನ ಬೆರಳಿಗೇ ಗೊತ್ತು, ಅದಕ್ಕೆ ಪುಸ್ತಕ ಬೇಡ. ಪುಸ್ತಕಕ್ಕೆ ಬೇರೆ ಮಾತೇ ಬರೆಯುತ್ತೇನೆ.

ಇವತ್ತಿನ ಮಾತು ಇರುವೆಯದು.

ಎರಡು ವರ್ಷದಿಂದ ಲಲಿತಾ ನಮ್ಮ ಕೌದಿಗಳ ಫೋಟೋ ತೆಗೆದು ಫೋನಿನಲ್ಲಿ ಮಾರುತ್ತಾಳೆ. ಹಳೆಯ ಸೀರೆ, ಧೋತರ ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ ಕೈಯಿಂದ ಹೊಲಿದದ್ದನ್ನು ಊರವರು ಕಾಲ ಬುಡಕ್ಕೆ ಹಾಕಿಕೊಳ್ಳುತ್ತಿದ್ದರು. ಪಟ್ಟಣದವರು ಅದನ್ನೇ ಗೋಡೆಗೆ ತೂಗುಹಾಕುತ್ತಾರಂತೆ. ಹಾಕಲಿ. ಹೊಲಿಯುವವರು ಇಬ್ಬರು, ನಾನು ಮತ್ತು ಹುಸೇನಬೀ. ಇಬ್ಬರೂ ಹುಲಿಹೈದರದ ಹೆಣ್ಣುಮಕ್ಕಳು, ಇಬ್ಬರನ್ನೂ ಕುಷ್ಟಗಿಗೇ ಕೊಟ್ಟರು. ನನ್ನ ಮನೆಗೂ ಅವಳ ಮನೆಗೂ ನಡುವೆ ಒಂದು ನಳ.

ಮಧ್ಯಾಹ್ನ ಮೈಸೂರಿನಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಲಲಿತಾ ಗಾಬರಿಯಾಗಿ ನನ್ನ ಕೈಗೆ ಕೊಟ್ಟಳು.

“ನಿಮ್ಮ ಕೌದಿಯೊಳಗೆ ಏನೋ ತಿನ್ನೋ ಪದಾರ್ಥ ಇದೆ ಕಣ್ರೀ. ಮಂಚದ ತುಂಬ ಇರುವೆ.”

“ಹೋಳಿಗಿ ತುಣುಕವ್ವ ಅದು. ಹಸಿದ ಕೌದಿ ಮನಿ ದಾಟಬಾರದು. ನಡುವ ಒಂದು ಬೊಟ್ಟಿನಷ್ಟು ಜಾಗ ಬಿಟ್ಟು, ಹೊಟ್ಟಿ ತುಂಬಿಸಿ, ಕಡೀಕ ಹೊಲೀತೀವಿ.”

“ಅದನ್ನ ಮೊದಲೇ ಹೇಳಬೇಕಿತ್ತಲ್ವಾ? ದುಡ್ಡು ವಾಪಸ್ ಕೊಡಿ. ಇಲ್ಲಾಂದ್ರೆ ಗ್ರಾಹಕರ ಕೋರ್ಟಿಗೆ ಹೋಗ್ತೀನಿ.”

“ಹೋಗಿ ಬಾರವ್ವ. ಹೋಗೂಮುಂದ ನೀನೂ ಏನರ ತಿಂದು ಹೋಗು.”

ಲಲಿತಾ ಫೋನು ಕಸಿದುಕೊಂಡಳು. ಆಚೆ ಕುಳಿತಿದ್ದ ಹುಸೇನಿ ಸೂಜಿ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ಅಲುಗಾಡಿ ಅಲುಗಾಡಿ ನಕ್ಕಳು. ತಪ್ಪು ಅವಳದೇ. ಯಾವಾಗಲೂ ಒಣರೊಟ್ಟಿಯ ಚೂರು ಇಡುತ್ತೇವೆ. ಬಸವ ಜಯಂತಿಯ ಮರುದಿನ ನಾನು ಕೊಟ್ಟ ಹೋಳಿಗೆಯಲ್ಲಿ ಅರ್ಧ ತಿಂದು ಅರ್ಧ ಕೌದಿಗೆ ಇಟ್ಟವಳು ಅವಳು. “ದೂರ ಹೊಂಟಿತ್ತಲ್ಲ, ಪಾಪ, ಸಿಹಿ ತಿಂದು ಹೋಗಲಿ ಅಂತ ಇಟ್ಟೆ” ಎಂದಳು.


ಜೂನ್ 16, ಸೋಮವಾರ

ಕೋರ್ಟಿನ ಹೆಸರು ಕೇಳಿ ಲಲಿತಾಗೆ ನಿದ್ದೆ ಹತ್ತಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಗೌರೀಶ ಅಂತ ಇದ್ದಾನೆ, ವ್ಯಾಪಾರಸ್ಥರ ತೆರಿಗೆಯ ಕಾಗದ ತುಂಬಿಕೊಡುವವನು. ಅವನ ಹತ್ತಿರ ಕರೆದುಕೊಂಡು ಹೋದಳು. ಹುಸೇನಿಗೆ ಮೊಣಕಾಲು ನೋವು, ಬರಲಿಲ್ಲ.

ಗೌರೀಶ ಒಳ್ಳೆಯವನು, ಆದರೆ ಒಂದು ಮಾತಿಗೆ ಮೂರು ಕಾಯ್ದೆ ಹೇಳುತ್ತಾನೆ.

“ಅಜ್ಜೀ, ಕರ್ನಾಟಕದ ಒಳಗ ನಾಕು ಕೌದಿ ಮಾರಿದ್ರ ಸಣ್ಣ ವ್ಯಾಪಾರ ಅಂತ ಬಿಡ್ತಾರ. ಹೊರಗಿನ ರಾಜ್ಯಕ್ಕ ಕಳಸಾಕ ಹತ್ತಿದ್ರ ಲೆಕ್ಕಾನ ಬ್ಯಾರೆ. ಕೈಕಸಬಿಗೆ ರಿಯಾಯ್ತಿ ಐತಿ ಖರೆ, ಅದಕ್ಕೂ ಷರತ್ತು ಅದಾವ. ನೀವು ಪುಣೆ, ಹೈದರಾಬಾದ ಅಂತ ಹೊಂಟೀರಿ, ಆನ್‌ಲೈನ್ ಕಂಪನಿಯವರೂ ನಂಬರ ಕೇಳಾಕ ಹತ್ಯಾರ. ಜಿಎಸ್‌ಟಿ ನಂಬರ ತಗೊಂಡಬಿಡ್ರಿ.”

“ತಗೊಂಡ್ರ ಏನ ಮಾಡಬೇಕು?”

“ಬಿಲ್ಲಿಗೆ ಒಂದರ ಹಿಂದ ಒಂದು ನಂಬರ ಹಾಕಬೇಕು. ವ್ಯಾಪಾರದ ರೊಕ್ಕಕ್ಕ ಬ್ಯಾರೆ ಖಾತೆ ಇರಬೇಕು, ನಿಮ್ಮ ಪಿಂಚಣಿ ಜೋಡಿ ಕೂಡಸಬಾರದು. ಮಾರೂ ಸಾಮಾನದಾಗ ಏನೇನ ಐತಿ, ಬ್ಯಾಡಾದ್ರ ವಾಪಸ್ ತಗೋತೀರೋ ಇಲ್ಲೋ, ಮೊದಲ ಬರದು ತೋರಿಸಬೇಕು.”

“ಹೋಳಿಗಿನೂ?”

“ಹೋಳಿಗಿನೂ ಬರೀಬೇಕ್ರಿ. ಗಿರಾಕಿ ತಕರಾರು ಕೇಳಾಕ ಒಬ್ಬರ ಹೆಸರು, ಫೋನ್ ನಂಬರ ಹಾಕಬೇಕು.”

“ಅದಕ್ಕ ನನ್ನ ಹೆಸರ ಹಾಕು” ಎಂದೆ. ಲಲಿತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಕಡೆಗೆ ಅವನು ಕೇಳಿದ, “ಮಾಲಕರು ಯಾರಂತ ಹಾಕ್ಲಿ? ಒಬ್ಬರ ಹೆಸರಲೆ ಆದ್ರ ಈಗ ಮುಗೀತೈತಿ. ಇಬ್ಬರು ಪಾಲುದಾರರು ಅಂದ್ರ ಬಾಂಡ್ ಪೇಪರ್, ಪಾಲುದಾರಿಕೆಗೇ ಅಂತ ಒಂದು ಪ್ಯಾನ್ ಕಾರ್ಡ್, ಹದಿನೈದು ದಿನ ತಿರಗಾಟ.”

ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ. “ಯಮನೂರಮ್ಮ ಅಂತ ಬರಿ, ಮುಗಿಸು” ಎಂದೆ.

ಸಣ್ಣ ಉದ್ಯಮದ ನೋಂದಣಿ ಅಂತ ಇನ್ನೊಂದು ಅರ್ಜಿ ಇತ್ತು. ಅದರಲ್ಲಿ ಕೆಲಸಗಾರರು ಎಷ್ಟು ಮಂದಿ ಎಂದು ಕೇಳಿದ್ದರು. “ಒಬ್ಬಾಕಿ” ಎಂದೆ. ಅವನು ಒಂದು ಎಂದು ಹೊಡೆದ. ಬೇಳೆ ಸೀದಿರಲಿಲ್ಲ.


ಜೂನ್ 24, ಮಂಗಳವಾರ

ಕಾಗದ ಬಂತು. ನನ್ನ ಹೆಸರು ಅಚ್ಚಿನಲ್ಲಿ. ಲಗ್ನಪತ್ರಿಕೆಯಲ್ಲಿ ಸಹ ನನ್ನ ಹೆಸರಿನಲ್ಲಿ ಒಂದು ಅಕ್ಷರ ನುಂಗಿದ್ದರು, ಇದರಲ್ಲಿ ಪೂರ್ತಿ ಇದೆ. ಲಲಿತಾ ಜಿಎಸ್‌ಟಿಯದು, ಸಣ್ಣ ಉದ್ಯಮದ್ದು, ಎರಡು ಕಾಗದಗಳಿಗೂ ಕಟ್ಟು ಹಾಕಿಸಿ, ನಾವು ಹೊಲಿಯಲು ಕೂಡುವ ಪಡಸಾಲೆಯ ಗೋಡೆಗೆ ಹೊಡೆದಳು. ನಂಬರು ಕಾಣುವಂತೆ ತೂಗುಹಾಕಬೇಕು, ಅದೂ ಕಾಯ್ದೆಯಂತೆ. ಉಂಡ ಮೇಲೆ ಹೋಗಿ ಇನ್ನೊಮ್ಮೆ ನೋಡಿದೆ. ಯಾರಿಗೂ ಹೇಳಬೇಕಿಲ್ಲ.

ಮೈಸೂರಿನವಳಿಗೆ ರೊಕ್ಕ ವಾಪಸ್ ಹಾಕಿಯಾಯಿತು. ಕೌದಿ ಮಾತ್ರ ಅವಳು ಕಳಿಸಲಿಲ್ಲ. ಇರುವೆ ಝಾಡಿಸಿ ಹೊದ್ದುಕೊಂಡಿರಬೇಕು.


ಜೂನ್ 30, ಸೋಮವಾರ

ದೊಡ್ಡ ಕೌದಿ ಹಿಡಿದಿದ್ದೇವೆ. ಪುಣೆಯಿಂದ ಒಬ್ಬರು ತಮ್ಮ ತಾಯಿಯ ಇಳಕಲ್ ಸೀರೆಗಳನ್ನು ಕಳಿಸಿದ್ದಾರೆ, ಏಳು ಸೀರೆ. ತಾಯಿ ತೀರಿ ವರ್ಷವಾಯಿತಂತೆ. ಸೆರಗಿನ ಕೆಂಪು ಇನ್ನೂ ಹಾಗೇ ಇದೆ.

ದೊಡ್ಡ ಕೌದಿಯನ್ನು ಒಬ್ಬರೇ ಹೊಲಿಯಬಾರದು. ಎದುರು ಬದುರು ಅಂಚಿಗೆ ಇಬ್ಬರು ಕೂತು, ಸುತ್ತು ಹಾಕುತ್ತ ನಡುವಿಗೆ ಬರಬೇಕು. ಇಲ್ಲವಾದರೆ ಬಟ್ಟೆ ಒಂದೇ ಕಡೆ ಜಗ್ಗಿ ನೆರಿಗೆ ಬೀಳುತ್ತದೆ. ನನ್ನ ಹೊಲಿಗೆ ಜೋಳದ ಕಾಳಿನಷ್ಟು, ಹುಸೇನಿಯದು ಜೀರಿಗೆಯಷ್ಟು. ಅವಳು ಒಂದು ಸುತ್ತು ಮುಗಿಸುವಾಗ ನನ್ನದು ಎರಡಾಗುತ್ತದೆ. ಆಮೇಲೆ ನಾನು ಎಲೆಯಡಿಕೆ ಹಾಕಿಕೊಂಡು ಅವಳಿಗೆ ಕಾಯುತ್ತೇನೆ, ಬೈಯುತ್ತೇನೆ. ಅರವತ್ತಕ್ಕೆ ಹತ್ತಿರ ವರ್ಷ ಬೈದಿದ್ದೇನೆ.

ಇವತ್ತು ಅವಳು ದಾರ ಪೋಣಿಸಲು ಬೆಳಕಿನ ಕಡೆ ತಿರುಗಿದವಳು ಗೋಡೆ ನೋಡಿದಳು. ಎದ್ದು ಹತ್ತಿರ ಹೋಗಿ, ಕನ್ನಡಕ ಏರಿಸಿ, ಅಕ್ಷರ ತೀರ ಸಣ್ಣದಿದ್ದ ಎರಡನೇ ಕಾಗದವನ್ನು ಲಲಿತಾಳಿಂದ ಓದಿಸಿಕೊಂಡಳು.

“ಯಮನೂರಿ, ಕೆಲಸಗಾರರು ಒಬ್ಬರು ಅಂತ ಐತೆಲ್ಲ, ಯಾರಾಕಿ?”

“ನೀನ, ಮತ್ಯಾರ? ಆ ಖಾನೇದಾಗ ಏನರ ತುಂಬಬೇಕಿತ್ತು, ತುಂಬಿಸಿದೆ.”

“ಪಗಾರ ಎಷ್ಟಂತ ಬರಿಸಿದಿ?”

ನಾನು ನಕ್ಕೆ. ಅವಳು ಬಂದು ಕುಳಿತಳು. ಹತ್ತು ಹನ್ನೆರಡು ಹೊಲಿಗೆ ಹಾಕಿ, ಸುತ್ತು ಮುಗಿಯುವ ಮೊದಲೇ ಗಂಟು ಹಾಕಿ ದಾರ ಕತ್ತರಿಸಿದಳು. ಸೂಜಿಯನ್ನು ತನ್ನ ಡಬ್ಬಿಗೆ ಇಟ್ಟುಕೊಂಡಳು. ಚಹಾ ಬೇಡ ಎಂದಳು. ಮೊಣಕಾಲು ನೋಯುತ್ತಿರಬೇಕು.


ಜುಲೈ 3, ಗುರುವಾರ

ಬರಲಿಲ್ಲ. ನಿನ್ನೆಯೂ ಇಲ್ಲ.


ಜುಲೈ 6, ಭಾನುವಾರ

ಮೊಹರಂ. ಪ್ರತಿ ವರ್ಷ ಇಬ್ಬರೂ ಕೂಡಿ ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತೇವೆ. ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವಳು ನಾನು, ಅದಕ್ಕೇ ಈ ಹೆಸರು. ಈ ವರ್ಷ ಒಬ್ಬಳೇ ಹೋದೆ. ಜನರ ನಡುವೆ ಅವಳ ಬೆನ್ನು ಕಂಡಿತು. ಕರೆದೆ. ಹಲಗೆಯ ಸದ್ದಿನಲ್ಲಿ ಕೇಳಿಸಲಿಲ್ಲವೋ ಏನೋ.


ಜುಲೈ 8, ಮಂಗಳವಾರ

ಅವಳ ಮನೆಗೆ ಬೀಗ. ಗಂಗಾವತಿಯಲ್ಲಿರುವ ಮಗ ಅಕ್ಬರನ ಮನೆಗೆ ಹೋದಳಂತೆ. ನಳದ ಹತ್ತಿರ ನಮ್ಮ ಓಣಿಯ ಸುಂಕಲಮ್ಮ ಹೇಳಿದಳು. ನನಗೆ ಹೇಳದೆ ಹೋದದ್ದನ್ನು ಸುಂಕಲಮ್ಮನ ಬಾಯಿಂದ ಕೇಳಬೇಕಾಯಿತು. ಹೋದರೆ ಹೋಗಲಿ. ಹಣ ಅರ್ಧಕ್ಕೆ ಅರ್ಧ ಹಂಚಿದ್ದೇನೆ, ಒಂದು ಪೈಸೆ ಹಿಡಿದುಕೊಂಡಿಲ್ಲ. ಕಾಗದದ ಒಂದು ಖಾನೆಗೆ ಇಷ್ಟು ಮೂಗಿನ ಮೇಲೆ ಸಿಟ್ಟು ಇರಬಾರದು. ಕೌದಿ ನಾನೊಬ್ಬಳೇ ಮುಗಿಸುತ್ತೇನೆ. ಮಾಲೀಕಳಲ್ಲವೇ.


ಜುಲೈ 11, ಶುಕ್ರವಾರ

ಅವಳ ಅಂಚಿಗೆ ಕೂತು ನಾಲ್ಕು ಗೇಣು ಹೊಲಿದೆ. ಎದ್ದು ನೋಡಿದರೆ ಎಮ್ಮೆ ಬಿದ್ದೆದ್ದ ಕೆಸರಿನಂತೆ ಕಾಣುತ್ತಿತ್ತು. ಪೂರ್ತಿ ಬಿಚ್ಚಿದೆ.

ಲಲಿತಾ, “ಬ್ಯಾರೆ ಯಾರನ್ನರ ಕರೀಲೇನ ಅಜ್ಜಿ? ದಿನಾ ಕೂಲಿ ಕೊಟ್ರ ಬರ್ತಾರ” ಎಂದಳು.

“ಹೊಲಿಗಿ ಏನ ಕಳೆ ಕೀಳೂ ಕೆಲಸೇನ, ಕೂಲಿ ಕೊಟ್ಟು ಮಾಡ್ಸಾಕ?” ಎಂದು ಬೈದೆ.


ಜುಲೈ 15, ಮಂಗಳವಾರ

ಇವತ್ತು ಬಟ್ಟೆಯ ಗಂಟು ಬಿಚ್ಚುವಾಗ ಮೊದಲನೆಯ ಕೌದಿ ನೆನಪಾಯಿತು. ನನಗೆ ಮದುವೆಯಾಗಿ ಎರಡು ವರ್ಷ, ಅವಳಿಗೆ ಒಂದು. ಗೌಡರ ಮನೆಯಿಂದ ಬಾಣಂತಿಗೆ ಕೌದಿ ಹೊಲಿಯಲು ಹೇಳಿಕಳಿಸಿದರು. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಸೂಜಿ. ನಾನು ಒಂದು ಸುತ್ತು, ಅವಳು ಒಂದು ಸುತ್ತು. ಸೂಜಿ ಅವಳ ಕೈಗೆ ಹೋದಾಗ ನಾನು ಅವಳ ಕೂಸಿಗೆ ತೊಟ್ಟಿಲು ತೂಗುತ್ತಿದ್ದೆ, ನನ್ನ ಕೈಗೆ ಬಂದಾಗ ಅವಳು ನನ್ನ ಒಲೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಬೈದರು, ಆಮೇಲೆ ಆ ರೊಟ್ಟಿಯನ್ನೇ ಉಂಡರು.

ಕೂಲಿಗೆ ನಾಲ್ಕು ಸೇರು ಜೋಳ ಬಂತು. ಅವಳು ಸೇರಿನ ಬಾಯಿ ಅಂಗೈಯಿಂದ ಸವರಿ ಸವರಿ ಅಳೆದು ಹಂಚಿದಳು. ಕಡೆಗೆ ನೆಲದ ಮೇಲೆ ಉದುರಿದ ಕಾಳನ್ನು ಸಹ ಆರಿಸಿ ಎರಡು ಗುಂಪು ಮಾಡಿದಳು. “ಇಷ್ಟ್ಯಾಕಲೇ ಜಿಪುಣಿ” ಅಂದರೆ, “ನನ್ನ ಪಾಲಿನ ಸಲುವಾಗಿ ಅಲ್ಲ, ನಿನ್ನ ಪಾಲು ನನ್ನ ಕಡಿ ಬರಬಾರದು” ಎಂದಿದ್ದಳು.

ಅವಳಿಗೆ ಆಗ ಹದಿನೇಳು ವರ್ಷ. ಮೂಗುಬೊಟ್ಟು ದೊಡ್ಡದಾಗಿ ಮುಖ ಚಿಕ್ಕದಾಗಿ ಕಾಣುತ್ತಿತ್ತು.


ಜುಲೈ 29, ಮಂಗಳವಾರ

ನಾಗರ ಪಂಚಮಿ. ಲಲಿತಾ ಎಳ್ಳುಂಡೆ, ಶೇಂಗಾ ಉಂಡೆ ಕಟ್ಟಿದಳು. ಪಾಕ ಏರಿಸಿದ್ದಾಳೆ. ಹಲ್ಲಿದ್ದವರು ತಿನ್ನಲಿ.

ಆಗ ಪಂಚಮಿಗೆ ತವರಿನಿಂದ ಕರೆಯಲು ಬರುತ್ತಿದ್ದರು. ನಮ್ಮಪ್ಪ ಹೊಲ ಬಿಟ್ಟು ಏಳುವವನಲ್ಲ. ಬರುತ್ತಿದ್ದವರು ಹುಸೇನಿಯ ಅಪ್ಪ ಮೆಹಬೂಬಸಾಬ ಕಾಕಾ. ಬಂಡಿ ಹೂಡಿಕೊಂಡು ಬಂದು ಎರಡು ಮನೆಯ ಮುಂದೆ ನಿಂತು, “ನನ್ನ ಎರಡೂ ಹುಡುಗ್ಯಾರನ್ನ ಕಳಸ್ರಿ” ಎಂದು ಕೂಗುತ್ತಿದ್ದರು. ಬಂಡಿಯಲ್ಲಿ ನಮಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ಹುಲಿಹೈದರ ಮುಟ್ಟುವವರೆಗೆ ಇಬ್ಬರೂ ಗಂಡಂದಿರನ್ನು ಅಣಕಿಸುತ್ತಿದ್ದೆವು. ಕಾಕಾ ಎತ್ತುಗಳ ಜೊತೆ ಮಾತಾಡಿದಂತೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಬೇವಿನ ಮರಕ್ಕೆ ಜೋಕಾಲಿ. ಎದುರು ಬದುರು ನಿಂತು ಜೀಕುತ್ತಿದ್ದೆವು. ನಾನು ಮೇಲೆ ಹೋದಾಗ ಅವಳು ಕೆಳಗೆ, ಅವಳ ಜಡೆ ಮಾತ್ರ ಇನ್ನೂ ಮೇಲೆ.

ಸಾಲಿಗೆ ಹಾಕಿದವರೂ ಕಾಕಾನೇ. ಹುಸೇನಿಯ ಹೆಸರು ಬರೆಸಲು ಹೋದವರು, ದಾರಿಯಲ್ಲಿ ಸಗಣಿ ಆಯುತ್ತಿದ್ದ ನನ್ನನ್ನು ನೋಡಿ ಕೈ ಹಿಡಿದು ಕರೆದುಕೊಂಡು ಹೋದರು. ಮಾಸ್ತರು, “ಈಕಿ ಯಾರ್ರಿ ಸಾಹೇಬರ?” ಎಂದಾಗ, “ಈಕಿದೂ ಬರಕೋರಿ. ಒಬ್ಬಾಕಿ ಹೆಸರ ಬರದು ಒಬ್ಬಾಕಿದು ಬಿಟ್ರ ಸರಿ ಕಾಣಂಗಿಲ್ಲ” ಎಂದರು. ನಮ್ಮಪ್ಪನಿಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ನನಗೆ ಯಮನೂರಮ್ಮ ಎಂದು ಬರೆಯಲು ಬರುತ್ತಿತ್ತು.

ಉಂಡೆ ತಿನ್ನಲು ಮನಸ್ಸಾಗಲಿಲ್ಲ. ಪಾಕದ ತಪ್ಪು.


ಆಗಸ್ಟ್ 4, ಸೋಮವಾರ

ಗಂಗಾವತಿಗೆ ಹೋಗಿ ಬಂದೆ. ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಒಬ್ಬಳೇ. ಕಾಲುವೆ ಸೀಮೆ ಬಂದ ಕೂಡಲೇ ಎರಡೂ ಕಡೆ ನೀರು ನಿಂತ ಗದ್ದೆ, ಬಗ್ಗಿ ನಾಟಿ ಹಚ್ಚುವ ಹೆಂಗಸರು. ಅಕ್ಬರನ ಮನೆ ಅಕ್ಕಿ ಗಿರಣಿಗಳ ಸಾಲಿನ ಹಿಂದೆ. ಅಂಗಳದ ತುಂಬ ಭತ್ತದ ಧೂಳು. ಅಕ್ಬರ ಗಿರಣಿಯ ಲಾರಿ ಓಡಿಸುತ್ತಾನೆ, ಇವತ್ತು ಮನೆಯಲ್ಲೇ ಇದ್ದ. “ಬರ್ರಿ ಖಾಲಾ, ಎಷ್ಟ ದಿನಾತು” ಎಂದು ಬ್ಯಾಗು ಇಸಿದುಕೊಂಡ. ಅವನಿಗೆ ನಾನು ಖಾಲಾ, ಚಿಕ್ಕವ್ವ.

ಒಳಗಿನಿಂದ ಹುಸೇನಿ ಬಂದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

“ಯಮನೂರಮ್ಮಾರು ಬಂದಾರ. ಬರ್ರಿ. ಮ್ಯಾಲ ಕುಂದರ್ರಿ, ಕೆಳಗ ಧೂಳ ಐತಿ.”

ಬರ್ರಿ. ಕುಂದರ್ರಿ. ಹುಟ್ಟಿದಾಗಿನಿಂದ ಈವರೆಗೆ ಅವಳ ಬಾಯಲ್ಲಿ ನನಗೆ ಆ ಮಾತು ಬಂದಿರಲಿಲ್ಲ. ಲೇ ಯಮನೂರಿ, ಮುದಿಗೂಬಿ, ಬಾಯಿಬಡಕಿ, ಎಲ್ಲ ಬಂದಿವೆ. ನಾನು ಕುರ್ಚಿಯ ಮೇಲೆ ಕೂತೆ. ಅವಳು ನೆಲದ ಮೇಲೆ ಕೂತಳು.

“ಹುಸೇನಿ, ಆಟ ಸಾಕು. ನಡಿ ಮನೀಗೆ. ಪುಣೆಯವರ ಕೌದಿ ಹಂಗ ಬಿದ್ದೈತಿ.”

“ಬರಬೇಕಾದವಳ ರೀ. ಕೆಲಸದಾಕಿ, ಮಾಲಕರು ಕರದ್ರ ಬರಬೇಕು. ಪಗಾರ ಏನ ಕೊಡ್ತೀರಿ?”

“ಹುಚ್ಚೇನ ನಿನಗ? ಅರ್ಧ ರೊಕ್ಕ ನಿನ್ನ ಕೈಯಾಗ ಎಣಿಸಿ ಇಟ್ಟಿಲ್ಲೇನ?”

“ಇಟ್ಟೀರಿ. ಭಾಳ ದೊಡ್ಡ ಮನಸು ನಿಮ್ಮದು.”

ಅಕ್ಬರ ನಡುವೆ ಬಂದು, “ಅಮ್ಮೀ, ಬಿಡು ಇನ್ನ, ಖಾಲಾ ಇಷ್ಟ ದೂರ ಬಂದಾರ” ಎಂದ.

ಆಗ ಅವಳು ಅವನ ಕಡೆ ತಿರುಗಿ ಹೇಳಿದಳು, ನನಗಲ್ಲ. “ನಾಳೆ ಈಕಿ ಸತ್ರೂ ನಾ ಸತ್ರೂ, ಆ ಗ್ವಾಡಿ ನೋಡಿದವರು ಏನಂತಾರಪ್ಪ? ಯಮನೂರಮ್ಮ ಕೌದಿ ಹೊಲೀತಿದ್ಲು, ಆಕಿ ಕೈಯಾಗ ಒಬ್ಬಾಕಿ ಕೆಲಸಕ್ಕಿದ್ಲು. ರೊಕ್ಕಕ್ಕ ಹೆಸರಿಲ್ಲ, ಖರ್ಚಾಗಿ ಹೋಗ್ತೈತಿ. ಕಾಗದಕ್ಕ ಐತಿ.”

ಅವಳು ಸೊಸೆಗೆ ಹೇಳಿ ಚಹಾ ತರಿಸಿದಳು, ಬಸಿ ತುಂಬಿ, ಅತಿಥಿಗೆ ಕೊಡುವ ಹಾಗೆ ಬಿಸ್ಕೀಟು ಇಟ್ಟು. ಕುಡಿದು ಬಂದೆ.

ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳಿಗೆ ಮೊಣಕೈಯಿಂದ ತಿವಿದು, “ಸರೀಯವ್ವ, ಸೀಟೇನ ನಿಮ್ಮಪ್ಪಂದೇನ” ಎಂದೆ. ಅವಳು ಏನೂ ಮಾಡಿರಲಿಲ್ಲ ಪಾಪ.


ಆಗಸ್ಟ್ 11, ಸೋಮವಾರ

ಜುಲೈನಲ್ಲಿ ಒಂದು ಕೌದಿಯೂ ಹೋಗಿಲ್ಲ. ಏನೂ ಮಾರದಿದ್ದರೂ ಏನೂ ಇಲ್ಲ ಎಂದು ತಾರೀಖಿನೊಳಗೆ ಸರ್ಕಾರಕ್ಕೆ ತಿಳಿಸಬೇಕಂತೆ, ತಪ್ಪಿದರೆ ದಂಡ. ಲಲಿತಾ ಕೂತು ಎಲ್ಲ ಖಾನೆಯಲ್ಲೂ ಸೊನ್ನೆ ಹೊಡೆದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ಎಷ್ಟೊಂದು ಸೊನ್ನೆ.

ಮುಗಿದ ಮೇಲೆ, “ನಡಿ, ಗೌರೀಶನ ಕಡಿ ಹೋಗೂಣು” ಎಂದೆ.

ಗೌರೀಶನಿಗೆ ಹೇಳಿದೆ, “ತಮ್ಮಾ, ಮಾಲಕರು ಅನ್ನೂ ಖಾನೇದಾಗ ಹುಸೇನಬೀ ಅಂತ ಇನ್ನೊಂದು ಹೆಸರ ಸೇರಸು. ಕೆಲಸಗಾರರು ಅನ್ನೂದನ್ನ ಹೊಡದು ಹಾಕು.”

ಅವನು ಪೆನ್ನು ಕೆಳಗಿಟ್ಟ. “ಅಜ್ಜೀ, ಇದು ಗ್ವಾಡಿ ಮ್ಯಾಲ ಸುಣ್ಣದಾಗ ಬರದದ್ದಲ್ರಿ, ಒರೆಸಿ ಬರ್ಯಾಕ. ಇದು ನಿಮ್ಮ ಪ್ಯಾನ್ ಕಾರ್ಡಿನ ಮ್ಯಾಲ ನಿಂತೈತಿ. ಇಬ್ಬರಾದ್ರ ಸಂಸ್ಥೇನ ಬ್ಯಾರೆ ಆಕ್ಕೈತಿ. ಇದನ್ನ ರದ್ದು ಮಾಡಿ ಹೊಸಾದು ಹುಟ್ಟಿಸಬೇಕು.”

“ಹುಟ್ಟಸು.”

ಲಲಿತಾ ತಡೆಯಲಾರದೆ ಅಂದಳು, “ಅಜ್ಜಿ, ಫೋನಿನ ಅಂಗಡಿನೂ ಹೊಸದು ಮಾಡಬೇಕಾಗ್ತೈತಿ. ಎರಡು ವರ್ಷ ಗಿರಾಕಿ ಕೊಟ್ಟ ನಕ್ಷತ್ರ, ಬರದ ಛಲೋ ಮಾತು, ಎಲ್ಲಾ ಹೋಗ್ತಾವ. ಹುಸೇನಜ್ಜಿ ಸಹಿ ಮಾಡಲಿಲ್ಲಂದ್ರ? ಇದೂ ಇಲ್ಲ, ಅದೂ ಇಲ್ಲ.”

“ಹೋಗಲಿ. ನಕ್ಷತ್ರ ನೋಡಿ ನಾವೇನು ಲಗ್ನ ಮಾಡೂದೈತೇನ?”

ಗೌರೀಶ ಪಾಲುದಾರಿಕೆಯ ಕರಾರು ಬರೆಯತೊಡಗಿದ. ಇಬ್ಬರ ಪಾಲು ಎಷ್ಟೆಷ್ಟು, ಬ್ಯಾಂಕಿನಲ್ಲಿ ಯಾರ ಸಹಿ, ತಕರಾರು ಬಂದರೆ ಯಾರು ಕೂತು ಬಗೆಹರಿಸಬೇಕು. ಎಲ್ಲಕ್ಕೂ ಅರ್ಧ, ಇಬ್ಬರೂ, ಇಬ್ಬರೂ ಎಂದು ಹೇಳುತ್ತಾ ಹೋದೆ. ಆಮೇಲೆ ಅವನು ದನಿ ಇಳಿಸಿದ.

“ಇದನ್ನ ಕೇಳಬೇಕಾಗ್ತೈತಿ, ತಪ್ಪು ತಿಳ್ಕೋಬ್ಯಾಡ್ರಿ. ಇಬ್ಬರ ಪಾಲುದಾರರು ಇದ್ರ, ಒಬ್ಬರು ತೀರಿಕೊಂಡ್ರ ಆವತ್ತ ಸಂಸ್ಥಾ ಮುಗೀತು. ಮೂರನೇದವರು ಇದ್ರ ಮುಂದ ನಡೀತೈತಿ. ಲಲಿತಾನ ಹೆಸರ ಸೇರಿಸಲೇನು?”

“ಬ್ಯಾಡ. ಇಬ್ಬರ ಅದೀವಿ, ಇಬ್ಬರ ಬರಿ. ಮುಗೀಬೇಕಾದ್ರ ಮುಗೀಲಿ.”

“ಹಂಗಾದ್ರ ಮುಗಿದ ಮ್ಯಾಲ ಬಟ್ಟಿಬರಿ, ಅಂಗಡಿ ಹೆಸರು, ಗಿರಾಕಿ ಯಾರ ಪಾಲು ಅಂತರ ಬರೀರಿ. ನೀವು ಮೊದಲ ಹೋದ್ರ ಏನು, ಅವರು ಮೊದಲ ಹೋದ್ರ ಏನು. ಮನೀಗೆ ಒಯ್ದು ವಿಚಾರ ಮಾಡ್ರಿ.”

ಹಳೆಯದನ್ನು ಈ ತಿಂಗಳ ಕೊನೆಗೆ ಮುಚ್ಚಲು ಇವತ್ತೇ ಅರ್ಜಿ ಹಾಕಿಸಿದೆ. ಲಲಿತಾಳ ಪಾಲಿಗೆ ದೊಡ್ಡ ನಷ್ಟ, ಎರಡು ವರ್ಷ ಹಗಲು ರಾತ್ರಿ ಆ ಫೋನು ಕಾದಿದ್ದಾಳೆ. ಮನೆಗೆ ಬಂದು ಮೊಳೆ ಕಿತ್ತು ಎರಡನೇ ಕಾಗದ ಇಳಿಸಿದಳು, ನಾನು ಹೇಳಿರಲಿಲ್ಲ.


ಆಗಸ್ಟ್ 20, ಬುಧವಾರ

ಒಂಬತ್ತು ದಿನ ಹಿಡಿಯಿತು. ಕಾಗದ ಬರೆದು, ಕರಾರಿನ ಜೊತೆ ಲಲಿತಾಳ ಕೈಯಲ್ಲಿ ಗಂಗಾವತಿಗೆ ಕಳಿಸಿದೆ. ಕಳಿಸಿದ ಪ್ರತಿ ಕಾಗದದ ನಕಲು ಮನೆಯಲ್ಲಿ ಇರಬೇಕು ಎಂದು ಗೌರೀಶ ಹೇಳಿದ್ದಾನೆ. ಅದಕ್ಕೆ ಇಲ್ಲಿ ಇಳಿಸಿಕೊಳ್ಳುತ್ತೇನೆ.

“ಹುಸೇನಿ,

ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು ಎಂದು ಮೊದಲು ಬರೆಯಬೇಕು, ಮಾಸ್ತರು ಹಾಗೇ ಕಲಿಸಿದ್ದರು. ನಾನು ಕ್ಷೇಮ ಇಲ್ಲ, ಸುಳ್ಳು ಬರೆಯುವುದಿಲ್ಲ. ಇದನ್ನು ಅಕ್ಬರನಿಂದ ಓದಿಸಿಕೊಳ್ಳಬೇಡ. ನಿಮ್ಮಪ್ಪ ನಿನ್ನನ್ನು ನಾಲ್ಕು ವರ್ಷ ಸಾಲಿಗೆ ಕಳಿಸಿದ್ದು ಸುಮ್ಮನೆ ಅಲ್ಲ. ನಿಧಾನ ಓದು.

ಇದರ ಜೊತೆ ಇರುವುದು ಕರಾರು ಪತ್ರ. ಮೊದಲನೇ ಸಾಲು ನೋಡು. ಪಾಲುದಾರರು, ಶ್ರೀಮತಿ ಹುಸೇನಬೀ, ಶ್ರೀಮತಿ ಯಮನೂರಮ್ಮ. ಗೌರೀಶ ನನ್ನ ಹೆಸರು ಮೊದಲು ಬರೆದಿದ್ದ, ನಾನು ತಿದ್ದಿಸಿದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಳ್ಳಬೇಡ, ನೀನು ನನಗಿಂತ ಎರಡು ತಿಂಗಳು ದೊಡ್ಡವಳು.

ಆವತ್ತು ನನಗೆ ಬೇಳೆಯ ಚಿಂತೆ ಇತ್ತು. ಅದು ನೆಪ ಅಂತ ನೀನು ಅನ್ನುತ್ತೀ. ನನ್ನ ಹೆಸರು ಅಚ್ಚಿನಲ್ಲಿ ನೋಡುವ ಆಸೆಯೂ ಇತ್ತು. ಇಷ್ಟು ಬರೆದದ್ದು ಸಾಕು, ಇನ್ನು ಬಾಯಿ ಬಿಡಿಸಬೇಡ.

ಹಳೆಯ ನಂಬರು ಈ ತಿಂಗಳ ಕೊನೆಗೆ ಸಾಯುತ್ತದೆ. ನೀನು ಸಹಿ ಮಾಡಿದರೆ ಸೆಪ್ಟೆಂಬರಿನಲ್ಲಿ ಹೊಸದಕ್ಕೆ ಅರ್ಜಿ ಹೋಗುತ್ತದೆ. ಮಾಡದಿದ್ದರೆ ಅಂಗಡಿ ಇಲ್ಲ. ಲಲಿತಾ ಬೇರೆ ಕೆಲಸ ಹುಡುಕಿಕೊಳ್ಳುತ್ತಾಳೆ. ನಾನೊಬ್ಬಳೇ ಇನ್ನೊಂದು ಕಾಗದ ಮಾಡಿಸುವುದಿಲ್ಲ.

ಏಳನೇ ಕಲಮು ಕೊನೆಯಲ್ಲಿದೆ, ಅದನ್ನು ಹೊರಗೆ ಕೂತು, ಬೆಳಕಿನಲ್ಲಿ ಓದು. ಯಮನೂರಮ್ಮ ಮೊದಲು ತೀರಿಕೊಂಡರೆ ಬಟ್ಟೆಯ ಗಂಟು, ಕತ್ತರಿ, ಅಂಗಡಿಯ ಹೆಸರು, ಗಿರಾಕಿ ಪೂರಾ ಹುಸೇನಬೀಯವರಿಗೆ ಸೇರತಕ್ಕದ್ದು. ನನ್ನ ಮಕ್ಕಳು ಮೊಮ್ಮಕ್ಕಳು ಯಾರೂ ಕೇಳತಕ್ಕದ್ದಲ್ಲ. ಇಷ್ಟನ್ನು ನಾನು ಹೇಳಿ ಬರೆಸಿದ್ದೇನೆ, ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ.

ಅದರ ಕೆಳಗೆ ಒಂದು ಸಾಲು ಖಾಲಿ ಇದೆ. ಹುಸೇನಬೀ ಮೊದಲು ತೀರಿಕೊಂಡರೆ ಎಂದು ಅಲ್ಲಿ ಬರೆಯಬೇಕಂತೆ. ಗೌರೀಶ ಎರಡು ಸಲ ಕೇಳಿದ. ನನ್ನಿಂದ ಆಗಲಿಲ್ಲ. ಬಾಯಲ್ಲಿ ನೂರು ಸಲ ನಿನ್ನನ್ನು ಸಾಯಿಸಿದ್ದೇನೆ, ಕಾಗದದ ಮೇಲೆ ಕೈ ಬರುವುದಿಲ್ಲ. ಅದನ್ನು ನೀನೇ ತುಂಬು. ಅಥವಾ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು ಬಿಡು, ಕಾಯ್ದೆಯವರಿಗೆ ಏನು ಉತ್ತರ ಕೊಡಬೇಕೋ ನಾನು ಕೊಡುತ್ತೇನೆ.

ರೀ ಹಚ್ಚಿ ಬರೆದು ಕಳಿಸಿದರೆ ಹರಿದು ಹಾಕುತ್ತೇನೆ. ಸೆಪ್ಟೆಂಬರ್ ಹುಟ್ಟುವುದರೊಳಗೆ ಉತ್ತರ ಬರೆ.”